ಮಕ್ಕಳ ಗ್ರಾಮ ಸಭೆ: ಮಕ್ಕಳೇ ಮಾತಾಡುವ ಹಾಗೆ ಚರ್ಚೆ ನಡೆಸುವುದು ಹೇಗೆ?

ನವೆಂಬರ್ ಬಂತೆಂದರೆ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆಯ, ಅಂದರೆ ಮಕ್ಕಳು ತಮ್ಮ ಕಷ್ಟ, ಬೇಡಿಕೆಗಳನ್ನು ಪಂಚಾಯಿತಿಯ ಮುಂದಿಡುವ ಸಭೆಯ ಓಡಾಟ ಶುರುವಾಗುತ್ತದೆ. ಶಾಮಿಯಾನ, ಹಾರ, ಸ್ವಾಗತ ಭಾಷಣ ಎಲ್ಲಕ್ಕೂ ತಯಾರಿ ಇರುತ್ತದೆ. ಆದರೆ ಹೆಚ್ಚು ಹೊತ್ತು ದೊಡ್ಡವರೇ ಮಾತಾಡಿದರೆ ಅದು ಮಕ್ಕಳ ಸಭೆ ಹೇಗಾದೀತು? ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಮಗುವಿನ ಹಕ್ಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದನ್ನೇ ಹೇಳುತ್ತದೆ. 1992ರಲ್ಲಿ ಭಾರತವೂ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ಮೊದಲ ಕೆಲಸ ಸಭೆಗೆ ಒಂದು ವಾರ ಮುಂಚೆಯೇ ಆಗಬೇಕು. ಶಾಲೆಯಲ್ಲಿ ಏಳೆಂಟು ಮಕ್ಕಳ ಗುಂಪು ಮಾಡಿ. ಹುಡುಗಿಯರದೇ ಒಂದು ಗುಂಪು ಬೇಕೇ ಬೇಕು. ಶೌಚಾಲಯಕ್ಕೆ ಚಿಲಕವಿಲ್ಲ, ಬಸ್ ಸ್ಟಾಪಿನಲ್ಲಿ ಚುಡಾಯಿಸುತ್ತಾರೆ ಅನ್ನುವ ಮಾತು ಹುಡುಗರ ಎದುರು ಸುಲಭವಾಗಿ ಬರುವುದಿಲ್ಲ, ಅಲ್ವಾ? ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬವನ್ನೂ ಇಡಿ. ಶಾಲೆ ಬಿಟ್ಟ ಮಕ್ಕಳು, ಕೂಲಿಗೆ ಬಂದ ಕುಟುಂಬಗಳ ಮಕ್ಕಳು ಎಲ್ಲಿದ್ದಾರೆಂದು ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನು ಕೇಳಿ ಕರೆಸಿ.

ಜಮಖಾನ ಹಾಸಿ, ಎಲ್ಲರೂ ಸುತ್ತ ಕೂರಿ. ನೀವೂ ನೆಲದ ಮೇಲೇ ಕೂರಿ.

ಇನ್ನು ಪ್ರಶ್ನೆ. "ನಿಮಗೇನು ಸಮಸ್ಯೆ?" ಎಂದು ಕೇಳಿದರೆ "ಏನಿಲ್ಲ ಸಾರ್" ಅನ್ನುತ್ತಾರೆ. ಅದರ ಬದಲು "ಬೆಳಿಗ್ಗೆ ಮನೆಯಿಂದ ಶಾಲೆಗೆ ಹೇಗೆ ಬರ್ತೀಯ, ಹೇಳು" ಅನ್ನಿ. ಒಬ್ಬಳು ಮಳೆಗಾಲದಲ್ಲಿ ಹಳ್ಳ ದಾಟುವುದನ್ನು ಹೇಳುತ್ತಾಳೆ. ಇನ್ನೊಬ್ಬ ಮದ್ಯದ ಅಂಗಡಿ ಮುಂದೆ ನಡೆದು ಬರುವುದನ್ನು ಹೇಳುತ್ತಾನೆ. ಬೋರ್ಡಿನ ಮೇಲೆ ಊರಿನ ನಕ್ಷೆ ಬರೆಸಿದರೆ ಇನ್ನೂ ಒಳ್ಳೆಯದು. ಬಾಯಿ ಬಿಡದ ಮಗುವೂ ಸೀಮೆಸುಣ್ಣ ಹಿಡಿದು, ಬೀದಿದೀಪ ಇಲ್ಲದ ಜಾಗಕ್ಕೆ ಒಂದು ಗುರುತು ಹಾಕುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಇರಿ. ನಡೆಸುವವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಚುರುಕಾದ ಹುಡುಗ ಪದೇಪದೇ ಕೈ ಎತ್ತಿದರೆ "ನಿನ್ನ ಮಾತು ಬರ್ಕೊಂಡೆ ಮರಿ, ಈಗ ಇವಳದ್ದು ಕೇಳೋಣ" ಅನ್ನಿ. ಮಗುವಿನ ಮಾತನ್ನು ತಿದ್ದಿ ಪುಸ್ತಕದ ಭಾಷೆಗೆ ತರಲು ಹೋಗಬೇಡಿ. ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸುವುದಂತೂ ಖಂಡಿತ ಬೇಡ.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಮನೆಯಲ್ಲಿ ಹೊಡೆತ, ನಿಶ್ಚಯವಾದ ಮದುವೆ, ಯಾರದೋ ಕೆಟ್ಟ ವರ್ತನೆ ಇಂಥದ್ದೇನಾದರೂ ಹೊರಬಂದರೆ ಎಲ್ಲರೆದುರು ಕೆದಕಬೇಡಿ. ಆಮೇಲೆ ಆ ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸಭೆಯ ದಿನ ನಿರೂಪಣೆ ಮಕ್ಕಳದೇ ಇರಲಿ. ಪ್ರತಿ ಪ್ರಶ್ನೆಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅಥವಾ ಆಯಾ ಇಲಾಖೆಯವರು ಅಲ್ಲೇ ಉತ್ತರ ಕೊಡಲಿ. "ನೋಡೋಣ" ಅಂದರೆ ಸಾಲದು. ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಎನ್ನುವುದು ನಡಾವಳಿ ಪುಸ್ತಕಕ್ಕೆ ಬರಬೇಕು. ಅದರ ಒಂದು ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೂ ಹೋಗಲಿ. ಮುಂದಿನ ವರ್ಷ ಸಭೆ ಶುರು ಮಾಡುವಾಗ ಮೊದಲು ಅದನ್ನೇ ಓದಿಸಿ. ಆಗದೆ ಉಳಿದ ಕೆಲಸ ಯಾಕೆ ಆಗಲಿಲ್ಲ ಎಂದು ಪಂಚಾಯಿತಿ ಅಧ್ಯಕ್ಷರೇ ಎದ್ದುನಿಂತು ಮಕ್ಕಳಿಗೆ ಹೇಳಲಿ.