ಮಳೆಗೆ ಆಡಿಷನ್ ಮಾಡಿಸಿದ ತೋಟದ ರೈಟರ್

ನಾನು ರೈಟರ್. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳ್ತೇನೆ: ಕಾಫಿ ತೋಟದಲ್ಲಿ ರೈಟರ್ ಅಂದರೆ ಕತೆ ಬರೆಯುವವನಲ್ಲ. ಬೆಳಗ್ಗೆ ಕೆಲಸದವರ ಹಾಜರಿ ಹಾಕಿ, ಯಾರಿಗೆ ಯಾವ ಕೆಲಸ ಅಂತ ಹಂಚಿ, ಸಂಜೆ ಚೆಕ್‌ರೋಲ್, ಅಂದರೆ ಹಾಜರಿ-ಕೂಲಿ ಲೆಕ್ಕದ ಪುಸ್ತಕ, ತುಂಬಿ, ವಾರಕ್ಕೊಮ್ಮೆ ಬಟವಾಡೆ ಮಾಡುವವನು. ಮಳೆ ಲೆಕ್ಕ ಇಡುವುದೂ ಅವನೇ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಇಂಥ ರೈಟರ್ ಒಂದು ಹಾಸ್ಯದ ಕತೆ ಬರೆದದ್ದು ಹೇಗೆ ಅಂತ ಹೇಳ್ತೇನೆ.

ಆ ದಿನ ಬೆಳಗ್ಗೆ ಎಂಟು ಗಂಟೆಗೆ ನಾನು ಪುಸ್ತಕದಲ್ಲಿ ಬರೆದದ್ದು 2 ಇಂಚು 35 ಸೆಂಟು. ಜುಲೈ ತಿಂಗಳು. ಒಂಬತ್ತಕ್ಕೆ ತೋಟದ ದಾರಿಯಲ್ಲಿ ನೀರಿನ ಟ್ಯಾಂಕರ್ ಏದುಸಿರು ಬಿಡುತ್ತಾ ಏರಿ ಬಂತು. ಒಂದಲ್ಲ, ಎರಡು.

ಸಿನಿಮಾದವರು. ಮಳೆ ಸೀನ್ ತೆಗೆಯೋಕೆ ಮಡಿಕೇರಿಗೆ ಮಳೆ ತಂದಿದ್ದರು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಬಂದವರು ಕೆಲಸ ಶುರು ಮಾಡಲಿಲ್ಲ. ನಮ್ಮ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಸಾಲಾಗಿ ಕೂತು ಆಕಾಶ ನೋಡುತ್ತಿದ್ದರು. ಯಾಕೆ ಕೂತಿದ್ದೀರಿ ಅಂತ ಲೈಟ್ ಬಾಯ್ ಒಬ್ಬನನ್ನು ಕೇಳಿದೆ. ‘ಮಳೆ ನಿಲ್ಲಲಿ ಅಂತ ಸಾರ್. ನಿಂತ ಮೇಲೆ ಮಳೆ ಸೀನು’ ಅಂದ. ಅವನ ಮುಖದಲ್ಲಿ ನಗು ಇರಲಿಲ್ಲ. ಅವನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಿಸಿರಲಿಲ್ಲ.

ಕಾರಣವನ್ನೂ ಅವನೇ ಹೇಳಿದ. ನಿಜವಾದ ಮಳೆ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ. ಹನಿ ಸಣ್ಣದು. ಹಿಂದಿನಿಂದ ಲೈಟ್ ಹೊಡೆದರೆ ಮಾತ್ರ ಹನಿ ಹೊಳೆಯುತ್ತದೆ, ಆದರೆ ಲೈಟು ನೆನೆದರೆ ಕತೆ ಮುಗೀತು. ಇನ್ನೊಂದು, ನಿಜ ಮಳೆ ಒಂದು ಶಾಟಿನಲ್ಲಿ ಜೋರು, ಮುಂದಿನ ಶಾಟಿನಲ್ಲಿ ಜಿಟಿಜಿಟಿ. ಎರಡನ್ನೂ ಜೋಡಿಸಿದರೆ ಹೀರೋ ಎರಡು ಬೇರೆ ಬೇರೆ ಊರಲ್ಲಿ ನೆನೆದ ಹಾಗಿರುತ್ತದೆ. ಅದಕ್ಕೇ ಪೈಪಿಗೆ ತೂತು ಕೊರೆದು, ದಪ್ಪ ಹನಿ ಬೀಳಿಸಿ, ಬೇಕಾದಾಗ ನಲ್ಲಿ ತಿರುಗಿಸಿ ನಿಲ್ಲಿಸೋದು.

ಮೂವತ್ತು ವರ್ಷ ಮಳೆ ಅಳೆದ ನನಗೆ ಮಳೆಯ ಪರವಾಗಿ ಬೇಜಾರಾಯಿತು. ನನ್ನ ಕತೆ ಹುಟ್ಟಿದ್ದು ಈ ಬೇಜಾರಿನಿಂದ. ಅವತ್ತು ನನಗದು ಗೊತ್ತಿರಲಿಲ್ಲ.

ಅದೇ ದಿನ ಇನ್ನೊಂದು ಫಜೀತಿಯೂ ಆಯಿತು. ಹನ್ನೊಂದರ ಹೊತ್ತಿಗೆ ಮಳೆ ಸ್ವಲ್ಪ ಬಿಟ್ಟಿತು. ‘ರೈಟರ್ ಎಲ್ಲಿ? ರೈಟರ್‌ನ ಕರೀರಿ’ ಅಂತ ಯಾರೋ ಕೂಗಿದರು. ನಾನು ಓಡಿದೆ. ಅಸಿಸ್ಟೆಂಟ್ ಡೈರೆಕ್ಟರ್ ಹುಡುಗ ಒಂದು ಹಾಳೆ ಕೈಗಿಟ್ಟು, ‘ಸರ್, ಮೇಡಂ ಡೈಲಾಗ್ ಉದ್ದ ಆಯ್ತು, ಕಟ್ ಮಾಡಿ ಕೊಡಿ’ ಅಂದ. ಸಾಹುಕಾರರು ಹೇಳಿದ್ದನ್ನು ಪ್ರಶ್ನೆ ಕೇಳದೆ ಮಾಡಿ ಅಭ್ಯಾಸ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಆರು ಸಾಲಿನಲ್ಲಿ ನಾಲ್ಕು ಹೊಡೆದು ಹಾಕಿದೆ. ಶಾಟ್ ಆಯಿತು. ಚಪ್ಪಾಳೆಯೂ ಬಿತ್ತು. ಮಧ್ಯಾಹ್ನ ಅವರ ನಿಜವಾದ ರೈಟರ್ ಹೋಟೆಲಿನಿಂದ ಬಂದರು. ಹಾಳೆ ನೋಡಿ, ‘ಪರವಾಗಿಲ್ವಲ್ಲ’ ಅಂತಷ್ಟೇ ಹೇಳಿ ಊಟಕ್ಕೆ ಕೂತರು.

ಆ ರಾತ್ರಿ ಬರೆಯೋಕೆ ಶುರು ಮಾಡಿದೆ.

ಮೊದಲು ಬರೆದದ್ದು ಸಿನಿಮಾ ಗೇಲಿ. ಒಬ್ಬ ಸೂಪರ್‌ಸ್ಟಾರ್, ಅವನ ಇಂಟ್ರೊ ಸಾಂಗು, ಕಟೌಟಿಗೆ ಹಾಲು, ಒಂದು ಏಟಿಗೆ ಹದಿನೆಂಟು ಜನ ಗಾಳಿಯಲ್ಲಿ. ನೂರು ಪುಟ ಆದ ಮೇಲೆ ಹೆಂಡತಿಗೆ ಓದಿ ಹೇಳಿದೆ. ಅವಳು ಬಟಾಣಿ ಸುಲಿಯುತ್ತಾ ಕೇಳಿ, ‘ರೀ, ಇದು ವಾಟ್ಸಾಪಲ್ಲಿ ಬಂದದ್ದೇ ಅಲ್ವಾ?’ ಅಂದಳು. ನಿಜ. ಹೀರೋಗಳನ್ನು ಗೇಲಿ ಮಾಡುವ ಕೆಲಸವನ್ನು ಜನ ಆಗಲೇ ನನಗಿಂತ ಚೆನ್ನಾಗಿ, ಅದೂ ಪುಕ್ಕಟೆ ಮಾಡುತ್ತಿದ್ದಾರೆ.

ಸೋದರಮಾವನ ಮನೆಯ ಅಟ್ಟದಲ್ಲಿ ‘ಕೊರವಂಜಿ’ಯ ಹಳೆ ಸಂಚಿಕೆಗಳಿದ್ದವು. 1942ರಲ್ಲಿ ಶುರುವಾಗಿ 1967ರವರೆಗೆ ನಡೆದ ಹಾಸ್ಯ ಪತ್ರಿಕೆ. ನಡೆಸಿದ್ದು ರಾಶಿ, ಅಂದರೆ ಡಾಕ್ಟರ್ ಶಿವರಾಂ. ಮಳೆಗಾಲ ಪೂರ್ತಿ ಅದನ್ನೇ ತಿರುವಿ ಹಾಕಿದೆ. ನನಗೆ ಅಲ್ಲಿ ಕಂಡದ್ದು ಇಷ್ಟು: ದೊಡ್ಡವರನ್ನು ಬೈದು ನಗಿಸುವುದಕ್ಕಿಂತ, ಸಣ್ಣವನೊಬ್ಬ ತನ್ನ ಪಾಡಿಗೆ ಗಂಭೀರವಾಗಿ ಇದ್ದಾಗ ನಗು ತಾನಾಗಿ ಬರ್ತದೆ. ಆ ಲೈಟ್ ಬಾಯ್ ಥರ.

ಹಾಗಾಗಿ ಸೂಪರ್‌ಸ್ಟಾರ್‌ನನ್ನು ಕತೆಯಿಂದ ಹೊರಗೆ ಹಾಕಿ ಮಳೆಯನ್ನು ಒಳಗೆ ಕರೆದೆ. ಮಳೆಯೇ ಪಾತ್ರ. ಅವಕಾಶ ಕೇಳಿಕೊಂಡು ಶೂಟಿಂಗ್ ಜಾಗಕ್ಕೆ ಬರುತ್ತದೆ. ಟ್ಯಾಂಕರ್ ಎದುರು ಸೋಲುತ್ತದೆ.

ಆದರೆ ಯಾವ ಮಳೆದೇವರು? ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ನಮಗೆ ಮಳೆ ಬೆಳೆಯ ದೇವರು. ಅವನನ್ನು ಹಾಸ್ಯಕ್ಕೆ ಎಳೆಯುವ ಮಾತೇ ಇಲ್ಲ. ನನಗೂ ಮನಸ್ಸಿಲ್ಲ, ಮನೆಯಲ್ಲಿ ಅನ್ನವೂ ಸಿಗಲ್ಲ. ವರುಣ, ಇಂದ್ರ ಎಲ್ಲ ತೀರಾ ದೊಡ್ಡವರು. ಅವರು ಆಡಿಷನ್ನಿಗೆ ಯಾಕೆ ಬರ್ತಾರೆ? ಆಗ ಹೊಳೆದದ್ದು ಮಳೆ ನಕ್ಷತ್ರಗಳು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ನಾವು ಮಳೆಗೆ ಹೆಸರಿಟ್ಟಿದ್ದೇವಲ್ಲ, ಅವನ್ನೆಲ್ಲ ದೇವಲೋಕದ ಒಂದು ಆಫೀಸಿನ ಸೆಕ್ಷನ್‌ಗಳನ್ನಾಗಿ ಮಾಡಿಬಿಟ್ಟೆ. ಪುನರ್ವಸು ಸೆಕ್ಷನ್ನಿನಲ್ಲಿ ಒಬ್ಬ ಗುಮಾಸ್ತ. ಕೆಲಸ ಸೋನೆ ಮಳೆ ಸುರಿಸೋದು. ಹೆಸರು ಸೋನಪ್ಪ. ಬಡ್ತಿ ಸಿಕ್ಕಿಲ್ಲ. ಹೆಸರು ಸಿಕ್ಕಿದ ಮೇಲೆ ಕತೆ ಅರ್ಧ ತಾನಾಗಿ ನಡೆಯಿತು.

ನಡೆಯಿತು ಅಂತ ಹಿಗ್ಗಿ ಮತ್ತೆ ತಪ್ಪು ಮಾಡಿದೆ. ದೇವಲೋಕ ಅಂದ ಮೇಲೆ ಏನು ಬೇಕಾದರೂ ಆಗಬಹುದಲ್ಲ ಅಂತ ಹಾರುವ ಆನೆ, ಮಾತಾಡುವ ಕ್ಯಾಮೆರಾ, ಅದೃಶ್ಯ ಆಗುವ ಪ್ರೊಡಕ್ಷನ್ ಮ್ಯಾನೇಜರ್ ಎಲ್ಲ ತುರುಕಿದೆ. (ಕೊನೆಯದು ಕಲ್ಪನೆಯಲ್ಲ. ಬಾಟಾ, ಅಂದರೆ ದಿನದ ಭತ್ಯೆ, ಕೊಡುವ ದಿನ ನಾನೇ ಕಣ್ಣಾರೆ ನೋಡಿದ್ದೇನೆ.) ಓದಿದರೆ ಒಂದಕ್ಕೊಂದು ತಾಳೆಯೇ ಇಲ್ಲ. ಆಗ ನೆರವಿಗೆ ಬಂದದ್ದು ಚೆಕ್‌ರೋಲ್. ಹಾಜರಿಯಲ್ಲಿ ಒಂದು ಸುಳ್ಳು ಬರೆದರೆ ಮಿಕ್ಕ ಲೆಕ್ಕವನ್ನೆಲ್ಲ ಅದಕ್ಕೆ ಸರಿಯಾಗಿ ಹೊಂದಿಸಬಹುದು. ಎರಡು ಬರೆದರೆ ಬಟವಾಡೆ ದಿನ ಸಿಕ್ಕಿಬೀಳ್ತೀರಿ. ಕತೆಗೂ ಒಂದೇ ಸುಳ್ಳು ಇಟ್ಟುಕೊಂಡೆ: ದೇವಲೋಕದ ಸಣ್ಣ ನೌಕರರು ರಜೆ ಹಾಕಿ ಭೂಲೋಕದಲ್ಲಿ ಸಿನಿಮಾ ಕೆಲಸ ಮಾಡಬಹುದು. ಅಷ್ಟೇ. ಮಿಕ್ಕದ್ದೆಲ್ಲ, ಅಂದರೆ ಕಾಲ್‌ಶೀಟು, ಜೆನರೇಟರ್ ಬಾಡಿಗೆ, ರಾಹುಕಾಲ ನೋಡಿ ಮುಹೂರ್ತ, ಕೊನೆ ದಿನ ಕುಂಬಳಕಾಯಿ ಒಡೆಯೋದು, ನಾನು ನೋಡಿದ ಹಾಗೇ. ಆನೆ ಹೋಯಿತು. ಮ್ಯಾನೇಜರ್ ಉಳಿದ.

ಆಡಿಷನ್ ಭಾಗವನ್ನು ಹನ್ನೊಂದು ಸಲ ತಿದ್ದಿದ್ದೇನೆ. ಈಗ ಹೀಗಿದೆ:

‘ಹಿಂದೆ ಏನು ಮಾಡಿದ್ದೀರಿ?’
‘ಕೃತಯುಗದಿಂದ ಇದೇ ಮಾಡ್ತಿದ್ದೇನೆ ಸ್ವಾಮಿ.’
‘ಅದಲ್ಲ. ಕ್ಯಾಮೆರಾ ಮುಂದೆ?’
‘ಮುಂದೆ ಇಲ್ಲ. ಮೇಲಿಂದ ಬಿದ್ದಿದ್ದೇನೆ. ಎರಡು ಕ್ಯಾಮೆರಾ ಕೆಟ್ಟವು.’
‘ಸರಿ, ಸ್ವಲ್ಪ ಬಂದು ತೋರಿಸಿ.’
ಸೋನಪ್ಪ ಬಂದ. ಮೈಯೆಲ್ಲ ಹನಿಯಾಗಿ, ಬೆಳ್ಳಿಮರದ ಎಲೆಯಿಂದ ಕಾಫಿ ಎಲೆಗೆ, ಕಾಫಿ ಎಲೆಯಿಂದ ಮಣ್ಣಿಗೆ ಇಳಿದ. ಡೈರೆಕ್ಟರ್ ಮಾನಿಟರ್ ನೋಡಿ ತಲೆಯಾಡಿಸಿದ.
‘ನ್ಯಾಚುರಲ್ ಆಗಿ ಬರ್ತಿಲ್ಲ.’

ಇದರ ಕೆಳಗೆ ಮೊದಲು ಇನ್ನೂ ಮೂರು ಸಾಲಿತ್ತು. ‘ನಿಜವಾದ ಮಳೆಗೇ ನ್ಯಾಚುರಲ್ ಅಲ್ಲ ಅಂದರೆ ಹೇಗೆ’ ಅಂತ ಸೋನಪ್ಪ ವಾದ ಮಾಡುತ್ತಿದ್ದ. ಜೋಕು ಹೇಳಿ ಅದನ್ನು ನಾನೇ ಬಿಡಿಸಿ ಹೇಳುವುದು ನನ್ನ ಹಳೆ ಚಾಳಿ. ಪೆನ್ಸಿಲ್ ತೆಗೆದು ಹೊಡೆದು ಹಾಕಿದೆ. ಸಿನಿಮಾದವರು ಕಲಿಸಿದ ವಿದ್ಯೆ.

ಎರಡನೇ ಪಾತ್ರ ಮಡಿಕೇರಿ ದಸರಾದಿಂದ ಬಂತು. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪ ಹೊರಡುತ್ತದೆ. ಟ್ರ್ಯಾಕ್ಟರ್ ಮೇಲೆ ಓಡಾಡುವ ದೇವರು, ರಾಕ್ಷಸರು, ಬೆಂಕಿ, ಹೊಗೆ, ಎದೆ ನಡುಗಿಸುವ ಸದ್ದು. ನಾನು ಮೂರು ವರ್ಷ ಒಂದು ಮಂಟಪದ ಜೆನರೇಟರ್ ನೋಡಿಕೊಂಡಿದ್ದೆ. ಒಂದೇ ರಾತ್ರಿಯಲ್ಲಿ ಅದೇ ಅಸುರ ಜಾಗ ಜಾಗದಲ್ಲಿ ಮತ್ತೆ ಮತ್ತೆ ಸಾಯಬೇಕು. ಒಂದು ಸಲ ಸರಿಯಾಗಿ ವಧೆಯ ಹೊತ್ತಿಗೆ ಡೀಸೆಲ್ ಖಾಲಿ. ಅಸುರ ಕೈ ಎತ್ತಿಕೊಂಡು ಹಾಗೇ ಕತ್ತಲಲ್ಲಿ ಬದುಕಿಕೊಂಡ. ಸಮಿತಿಯವರು ನನ್ನನ್ನು ಬೈದದ್ದು ಇಲ್ಲಿ ಬೇಡ.

ಆ ಅಸುರನನ್ನು ಸೋನಪ್ಪನ ಜೊತೆ ಕೂರಿಸಿದೆ. ಅವನು ಫೈಟ್ ಸೀನಿನಲ್ಲಿ ಡೂಪ್. ಸತ್ತದ್ದಕ್ಕೆ ಓವರ್‌ಟೈಮ್ ಕೇಳ್ತಾನೆ. ಮಹಾ ಜಂಬ. ‘ನಮ್ಮದು ಸಿನಿಮಾ ಮನೆತನ ಮಾರಾಯ. 1934ರಲ್ಲಿ ಕನ್ನಡದ ಮೊದಲ ಟಾಕಿ ಬಂತಲ್ಲ, ಸತಿ ಸುಲೋಚನಾ, ಅದು ನಮ್ಮ ಮನೆ ಸೊಸೆಯ ಕತೆ’ ಅನ್ನುತ್ತಾನೆ. ಸುಲೋಚನೆ ಇಂದ್ರಜಿತುವಿನ ಹೆಂಡತಿ, ರಾವಣನ ಸೊಸೆ. ಲೆಕ್ಕ ಸರಿಯಾಗಿಯೇ ಉಂಟು. ಈ ಸಾಲಿಗೆ ನನ್ನ ಓದುಗರಲ್ಲಿ ಅರ್ಧ ಜನ ನಕ್ಕರು, ಇನ್ನರ್ಧ ಜನ ‘ಹೌದಾ?’ ಅಂತ ಕೇಳಿದರು. ಎರಡೂ ನನಗೆ ಲಾಭವೇ.

ದುಡ್ಡಿನ ಭಾಗ ಬೇಗ ಮುಗಿಸಿದೆ. ಪ್ರೊಡ್ಯೂಸರ್ ಕುಬೇರನ ಹತ್ತಿರ ಫೈನಾನ್ಸ್ ಕೇಳ್ತಾನೆ. ತಿರುಪತಿ ತಿಮ್ಮಪ್ಪನ ಕಲ್ಯಾಣಕ್ಕೆ ಕೊಟ್ಟ ಸಾಲದ ಬಡ್ಡಿಯೇ ಇನ್ನೂ ಬರ್ತಾ ಇದೆ, ಹೊಸಬರಿಗೆ ಕೊಡೋಕಾಗಲ್ಲ ಅಂತಾನೆ ಕುಬೇರ. ಕೊನೆಗೆ ಟಿವಿ ರೈಟ್ಸ್ ಬರೆಸಿಕೊಂಡು ಕೊಡ್ತಾನೆ. ಒಂದೂವರೆ ಪುಟ.

ಮಾಂದಲಪಟ್ಟಿಗೂ ಒಂದು ಚಿಕ್ಕ ಪಾತ್ರ ಕೊಟ್ಟೆ. 2008ರ ‘ಗಾಳಿಪಟ’ ಸಿನಿಮಾ ಆದ ಮೇಲೆ ಆ ಬೆಟ್ಟವನ್ನು ಜನ ಮುಗಿಲುಪೇಟೆ ಅಂತಲೂ ಕರೀತಾರೆ. ನನ್ನ ಕತೆಯಲ್ಲಿ ಬೆಟ್ಟ ಈಗ ಸ್ಕ್ರೀನ್ ಹೆಸರಿನಲ್ಲಿ ಕರೆದರೆ ಮಾತ್ರ ತಿರುಗಿ ನೋಡುತ್ತದೆ.

ಕಷ್ಟ ಕೊಟ್ಟದ್ದು ಕೊನೆ. ನಾನು ಮೊದಲು ಬರೆದದ್ದು, ಅವಮಾನ ಆದ ಸೋನಪ್ಪ ಮೇಲಿನವರ ಕೈಕಾಲು ಹಿಡಿದು ಭಾರೀ ಮಳೆ ತರಿಸಿ ಸೆಟ್ಟನ್ನೇ ತೊಳೆದು ಹಾಕುವುದು. ಅಂಥ ಕತೆ ಹಾಗೆ ಮುಗಿದರೆ ಭರ್ಜರಿ. ಬರೆದ ಮಾರನೇ ದಿನ ಓದಿದೆ. ಆಗಲಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಕುಸಿದದ್ದನ್ನು ನೋಡಿದವನು ನಾನು. ನಮ್ಮ ಚೆಕ್‌ರೋಲಿನಲ್ಲಿ ಆ ವಾರದ ಪುಟ ಖಾಲಿ ಇದೆ. ಕೆಲಸಕ್ಕೆ ಬರುತ್ತಿದ್ದವರಲ್ಲಿ ಕೆಲವರಿಗೆ ವಾಪಸ್ ಹೋಗಲು ಮನೆಯೇ ಉಳಿದಿರಲಿಲ್ಲ. ಮಳೆಯ ಸಿಟ್ಟನ್ನು ತಮಾಷೆ ಮಾಡಿ ಈ ಊರಿನಲ್ಲಿ ಯಾರ ಮುಂದೆ ಓದಲಿ? ಆ ಹತ್ತು ಪುಟ ಒಲೆಗೆ ಹೋಯಿತು. ನಾಲ್ಕು ತಿಂಗಳು ಕತೆ ಮುಟ್ಟಲಿಲ್ಲ.

ಕತೆಯ ಗಂಟು ಬಿಚ್ಚಿಕೊಂಡದ್ದು ಆ ಟ್ಯಾಂಕರ್‌ನಿಂದಲೇ. ಅವತ್ತು ಎರಡನೇ ಟ್ರಿಪ್ಪಿಗೆ ನೀರು ತುಂಬಿಸಿಕೊಂಡದ್ದು ಎಲ್ಲಿಂದ? ನಮ್ಮ ತೋಟದ ಕೆರೆಯಿಂದ. ಕೆರೆ ತುಂಬಿದ್ದು ಯಾರಿಂದ? ಅಂದರೆ ಸಿನಿಮಾದಲ್ಲಿ ಬಿದ್ದದ್ದೂ ಸೋನಪ್ಪನೇ! ಈಗ ಅವನಿಗೆ ಸೇಡು ಬೇಡ, ಟೈಟಲ್ ಕಾರ್ಡ್ ಬೇಕು. ಯೂನಿಯನ್, ಪ್ರೊಡ್ಯೂಸರ್, ಪುನರ್ವಸು ಸೆಕ್ಷನ್ನಿನ ಸೂಪರಿಂಟೆಂಡೆಂಟ್ ಎಲ್ಲರ ಹತ್ತಿರ ಅಲೆದು ಕೊನೆಗೂ ಹೆಸರು ಹಾಕಿಸ್ತಾನೆ. ಬಿಡುಗಡೆ ದಿನ ಥಿಯೇಟರಿನ ಹೆಂಚಿನ ಸಂದಿಯಿಂದ ಇಣುಕುತ್ತಾ ಕಾಯ್ತಾನೆ. ಸಿನಿಮಾ ಮುಗಿದು ಜನ ಎದ್ದು ಬಾಗಿಲು ದಾಟಿದ ಮೇಲೆ, ಕಸ ಗುಡಿಸುವವಳು ಒಳಗೆ ಬಂದ ಮೇಲೆ ಹೆಸರು ಬರ್ತದೆ: ‘ನೀರು: ಸೋಮಪ್ಪ.’

ಎಪ್ಪತ್ತೆರಡು ಪುಟದ ಪುಸ್ತಕ. ಮುನ್ನೂರು ಪ್ರತಿ ಅಚ್ಚು ಹಾಕಿಸಿದೆ. ಅರ್ಧ ಹೋಗಿದೆ, ಅರ್ಧ ಗೋದಾಮಿನಲ್ಲಿ ಮೆಣಸಿನ ಮೂಟೆ ಪಕ್ಕ ಇದೆ. ತಗೊಂಡವರು ಪುಸ್ತಕ ಘಮ್ ಅಂತದೆ ಅಂತಾರೆ.

ಹಾಳೆ ಕೈಗಿಟ್ಟಿದ್ದ ಆ ಅಸಿಸ್ಟೆಂಟ್ ಹುಡುಗನ ನಂಬರ್ ನನ್ನ ಹತ್ತಿರ ಇತ್ತು. ಅವನೀಗ ತಾನೇ ಡೈರೆಕ್ಟ್ ಮಾಡೋ ತಯಾರಿಯಲ್ಲಿದ್ದಾನೆ. ಒಂದು ಪ್ರತಿ ಕಳಿಸಿದೆ. ಹದಿನೈದು ದಿನ ಬಿಟ್ಟು ಫೋನ್ ಮಾಡಿದ.

‘ರೈಟರ್ ಸರ್, ಸೂಪರ್ ಆಗಿದೆ. ಇದನ್ನ ಸಿನಿಮಾ ಮಾಡಬಹುದು.’

‘ಬನ್ನಿ, ನಮ್ಮ ತೋಟದಲ್ಲೇ ತೆಗೆಯಿರಿ’ ಅಂದೆ.

‘ಅಯ್ಯೋ, ಕೊಡಗು ಬೇಡ ಸರ್. ಅಲ್ಲಿ ಮಳೆ ಕಾಟ. ಹೈದರಾಬಾದಲ್ಲಿ ಸೆಟ್ ಹಾಕೋಣ.’