ಗಂಟೆ ಬರೆಯದೆ ಸುದ್ದಿ ಕಳುಹಿಸುವುದಿಲ್ಲ

ನಾನು ಮಡಿಕೇರಿಯಲ್ಲಿದ್ದುಕೊಂಡು ಸಾರ್ವಜನಿಕ ಸಂಪರ್ಕದ ಕೆಲಸ ಮಾಡುತ್ತೇನೆ. ಕೆಲವು ಹೋಂಸ್ಟೇಗಳು, ಕಾಫಿ ಬೆಳೆಗಾರರ ಒಂದು ಸಹಕಾರ ಸಂಘ, ಬೇಸಿಗೆಯಲ್ಲಿ ಹಾಕಿ ಪಂದ್ಯಾವಳಿ ನಡೆಸುವ ಸಮಿತಿಗಳು ನನಗೆ ಕೆಲಸ ಕೊಡುತ್ತವೆ. ನಾನು ಕಲಿತ ಕಾಲದಲ್ಲಿ ಈ ವೃತ್ತಿಗೊಂದು ಗೊತ್ತಾದ ಹೊತ್ತಿತ್ತು. ಮಧ್ಯಾಹ್ನದೊಳಗೆ ಪ್ರಕಟಣೆಯನ್ನು ಬೆರಳಚ್ಚು ಮಾಡಿ, ಪದಾಧಿಕಾರಿಗಳ ಸಹಿ ಹಾಕಿಸಿ, ಪತ್ರಿಕಾ ಕಚೇರಿಗಳಿಗೆ ಮುಟ್ಟಿಸಬೇಕು. ವಿಷಯ ದೊಡ್ಡದಾದರೆ ಪತ್ರಿಕಾಗೋಷ್ಠಿ. ಮರುದಿನ ಬೆಳಿಗ್ಗೆ ಮಡಿಕೇರಿಯ ‘ಶಕ್ತಿ’ ದಿನಪತ್ರಿಕೆಯಲ್ಲೋ ರಾಜ್ಯಮಟ್ಟದ ಪತ್ರಿಕೆಗಳ ಜಿಲ್ಲಾ ಪುಟದಲ್ಲೋ ಎರಡು ಕಾಲಂ ಬಂದರೆ ಆ ಸುದ್ದಿಯ ಹೊಣೆ ಮುಗಿಯಿತು.

ಸುದ್ದಿ ಮೊಬೈಲಿಗೆ ಬಂದ ಮೇಲೆ ಮೊದಲು ಬದಲಾದದ್ದು ಅಕ್ಷರ. ನುಡಿ ತಂತ್ರಾಂಶದಲ್ಲಿ ಬರೆದದ್ದು ಪತ್ರಿಕೆಯವರ ಪುಟವಿನ್ಯಾಸಕ್ಕೆ ಸರಿ, ಮೊಬೈಲಿನಲ್ಲಿ ತೆರೆದರೆ ಕಲಸುಮೇಲೋಗರ. ಹಾಗಾಗಿ ಯೂನಿಕೋಡ್‌ನಲ್ಲಿ ಬರೆದು ನುಡಿಗೆ ಪರಿವರ್ತಿಸಿ, ಒಂದೇ ಪ್ರಕಟಣೆಯ ಎರಡು ಪ್ರತಿ ಇಟ್ಟುಕೊಳ್ಳುವ ಅಭ್ಯಾಸವಾಯಿತು. ಇಂಥ ಹೊಂದಾಣಿಕೆ ಕೈಗೆ ಬೇಗ ಒಗ್ಗುತ್ತದೆ.

ವೃತ್ತಿಯನ್ನೇ ಹೊಸದಾಗಿ ಯೋಚಿಸುವಂತೆ ಮಾಡಿದ್ದು 2018ರ ಆಗಸ್ಟ್. ಜೋಡುಪಾಲ, ಮದೆನಾಡು, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಗಳಲ್ಲಿ ಬೆಟ್ಟ ಕುಸಿದು ಮನೆ, ತೋಟ, ಜೀವ ಹೋದವು. ಮಂಗಳೂರಿಗೆ ಹೋಗುವ ಸಂಪಾಜೆ ರಸ್ತೆ ಕಡಿದುಹೋಯಿತು. ಅದೇ ಹೊತ್ತಿಗೆ ಫೋನುಗಳಲ್ಲಿ ಇನ್ನೊಂದು ಕೊಡಗು ಹರಿದಾಡತೊಡಗಿತು. ಯಾವ ಊರಿನದೋ ಯಾವ ವರ್ಷದ್ದೋ ಗೊತ್ತಿಲ್ಲದ ವಿಡಿಯೊಗಳು, ‘ಈಗಷ್ಟೇ’ ಎಂಬ ಶೀರ್ಷಿಕೆಯೊಂದಿಗೆ. ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ಪ್ರಕಟಿಸಿದ್ದು ಅದರ ಹಿಂದಿನ ತಿಂಗಳು. ಆದರೆ ಆಗ ಒಂದೊಂದು ಗುಂಪಿನಲ್ಲಿ 256 ಜನ ಇರಬಹುದಿತ್ತು. ಐದು ಗುಂಪು ಸೇರಿದರೆ ಸಾವಿರ ದಾಟುತ್ತದೆ.

ಆ ದಿನಗಳಲ್ಲಿ ನನಗೆ ಮನದಟ್ಟಾದ ಸಂಗತಿ ಇದು. ಪತ್ರಿಕೆಯ ತಲೆಯ ಮೇಲೆ ತಾರೀಕು ಅಚ್ಚಾಗಿರುತ್ತದೆ. ಅಂಗಡಿಯವರು ಪೊಟ್ಟಣ ಕಟ್ಟಿದ ಹಾಳೆ ಸಿಕ್ಕರೂ ಅದು ಯಾವತ್ತಿನದೆಂದು ತಿಳಿಯುತ್ತದೆ. ಕೈಯಿಂದ ಕೈಗೆ ದಾಟುವ ಫೋಟೊಗೆ, ಧ್ವನಿ ಸಂದೇಶಕ್ಕೆ ಆ ತಲೆ ಇಲ್ಲ. ಬೆಳಿಗ್ಗೆ ನಿಜವಾಗಿದ್ದ ‘ರಸ್ತೆ ಬಂದ್’ ರಾತ್ರಿ ಸುಳ್ಳಾಗಿರುತ್ತದೆ; ಮುಂದಿನ ವರ್ಷದ ಮಳೆಗೆ ಅದೇ ಸಂದೇಶ ಮತ್ತೆ ಎದ್ದು ಬರುತ್ತದೆ. ಅಂದಿನಿಂದ ನನ್ನ ಯಾವ ಸಂದೇಶವೂ ತಾರೀಕು, ಗಂಟೆ, ಸ್ಥಳ ಇಲ್ಲದೆ ಹೊರಡುವುದಿಲ್ಲ. ಅವನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಫೋಟೊ ಇದ್ದರೆ ಅದರೊಳಗೂ ಇರಬೇಕು. ಹೋಂಸ್ಟೇಯವರಿಗೆ ಹೇಳಿಕೊಟ್ಟ ಉಪಾಯ ಸರಳ: ಮಕ್ಕಳ ಸ್ಲೇಟಿನ ಮೇಲೆ ದಿನ, ಹೊತ್ತು, ಊರಿನ ಹೆಸರು ಬರೆದು ರಸ್ತೆ ಕಾಣುವಂತೆ ಇಟ್ಟು ಫೋಟೊ ತೆಗೆಯಿರಿ. ಬರಹವನ್ನು ಅಳಿಸಿ ಚಿತ್ರವನ್ನಷ್ಟೇ ಕಳುಹಿಸಿದರೂ ತಾರೀಕು ಅದರ ಜೊತೆಗೇ ಹೋಗುತ್ತದೆ. ಕೊನೆಯ ಸಾಲು ಕಡ್ಡಾಯ: ‘ಈ ಮಾಹಿತಿ ಇಂದು ಸಂಜೆ 6ರವರೆಗೆ ಮಾತ್ರ.’

ರಸ್ತೆ ತೆರೆದಾಗಲೂ ಅದೇ ಶ್ರದ್ಧೆಯಿಂದ ತಿಳಿಸಬೇಕು. ಅಪಾಯದ ಸುದ್ದಿಯನ್ನು ಜನ ತಾವಾಗಿಯೇ ಹಂಚುತ್ತಾರೆ. ಅಪಾಯ ಕಳೆದ ಸುದ್ದಿಯನ್ನು ನಾವೇ ಬೆನ್ನುಹತ್ತಿ ತಲುಪಿಸಬೇಕು. 2018ರ ಆ ಮಳೆಯ ನಂತರ, ಕುಸಿತದ ಜಾಗಗಳಿಂದ ದೂರವಿರುವ ಗೋಣಿಕೊಪ್ಪಲು, ಪೊನ್ನಂಪೇಟೆ ಕಡೆಯ ಹೋಂಸ್ಟೇಗಳಲ್ಲಿ ದಸರಾ ರಜೆಗೆ ಕಾಯ್ದಿರಿಸಿದ್ದವರು ಕೂಡ ‘ಕೊಡಗೇ ಮುಳುಗಿದೆಯಂತೆ’ ಎಂದು ಹಿಂದೆ ಸರಿದರು. ಅವರ ಭಯವನ್ನು ನಾನು ತಪ್ಪೆನ್ನಲಾರೆ. ಅವರ ಫೋನಿಗೆ ಬಂದದ್ದೆಲ್ಲ ಕುಸಿತವೇ.

ಒಂದು ಪದವನ್ನು ಮಾತ್ರ ನಾನು ಮಳೆಗಾಲದಲ್ಲಿ ಬಳಸುವುದಿಲ್ಲ: ‘ಸುರಕ್ಷಿತ’. ಅದನ್ನು ಹೇಳುವ ಅಧಿಕಾರ ಜಿಲ್ಲಾಡಳಿತದ್ದು. ಕಣ್ಣಿಗೆ ಕಂಡದ್ದನ್ನು ಬರೆಯುತ್ತೇನೆ, ಜೊತೆಗೆ ಜಿಲ್ಲಾ ಸಹಾಯವಾಣಿ 1077 ಅನ್ನು ಸೇರಿಸುತ್ತೇನೆ. ಪ್ರವಾಸಿಗರು ಬರಬಾರದೆಂದು ಆಡಳಿತ ಹೇಳಿದಾಗ ‘ಬರಬೇಡಿ, ನಿಮ್ಮ ಮುಂಗಡ ಹಿಂದಿರುಗಿಸುತ್ತೇವೆ’ ಎಂದು ಮಾಲೀಕರ ಹೆಸರಿನಲ್ಲೇ ಬರೆಸಿದೆ. ಹಣ ಹೋಗುತ್ತದೆಂದು ಕೆಲವರು ಹಿಂಜರಿದರು. ಹಾಗೆ ಬರೆದವರ ಮಾತನ್ನು ಮುಂದಿನ ವರ್ಷ ಅತಿಥಿಗಳು ನಂಬಿದರು.

ಮಳೆಯ ಲೆಕ್ಕವನ್ನೂ ಓದುವವರನ್ನು ನೋಡಿ ಬರೆಯಬೇಕು. ಇಲ್ಲಿಯ ತೋಟದವರು ಮಳೆಯನ್ನು ಇಂಚಿನಲ್ಲಿ ಹೇಳುತ್ತಾರೆ, ತಲೆಮಾರುಗಳ ಡೈರಿಯಲ್ಲಿ ಇರುವುದೂ ಇಂಚೇ. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನದು. 4 ಇಂಚು ಎಂದರೆ ಸುಮಾರು 100 ಮಿಲಿಮೀಟರ್. ಎರಡನ್ನೂ ಬರೆದರೆ ಬೆಂಗಳೂರಿನ ಅತಿಥಿಗೂ ನಾಪೋಕ್ಲಿನ ಬೆಳೆಗಾರರಿಗೂ ಒಂದೇ ಅಂದಾಜು ಸಿಗುತ್ತದೆ.

2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಭೂಕುಸಿತವಾದಾಗ ಕರೆಗಳು ನಮಗೂ ಬಂದವು. ಸ್ಲೇಟಿನ ಪದ್ಧತಿ ಅಷ್ಟರಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಕೇರಳ ಗಡಿಯ ಕಡೆಯ ಕುಟ್ಟದಿಂದ, ಶ್ರೀಮಂಗಲದಿಂದ ಗಂಟೆ ಬರೆದ ಚಿತ್ರಗಳು ಬಂದವು, ಕೇಳಿದವರಿಗೆ ಅವನ್ನೇ ಕಳುಹಿಸಿದೆ. ಅದಕ್ಕಿಂತ ಹೆಚ್ಚು ಮಾತನಾಡಲಿಲ್ಲ. ನೆರೆಯವರ ಮನೆಯಲ್ಲಿ ಸಾವಾಗಿರುವಾಗ ನಮ್ಮೂರು ಚೆನ್ನಾಗಿದೆ ಎಂದು ಪ್ರಚಾರ ಮಾಡುವುದು ನನ್ನಿಂದ ಆಗದು.

ಇದೇ ಕಾರಣಕ್ಕೆ ಪರಿಹಾರ ಕೇಂದ್ರಗಳ ಫೋಟೊ ವಿಷಯದಲ್ಲಿ ನಾನು ಹಟಮಾರಿ. ಕಂಬಳಿ, ಅಕ್ಕಿ ಕೊಡಲು ಹೋಗುವ ಸಂಸ್ಥೆಯವರಿಗೆ ಪಡೆಯುವವರ ಮುಖ ಬೇಕೆನಿಸುತ್ತದೆ. ಅಂಥ ಚಿತ್ರಕ್ಕೆ ಮೆಚ್ಚುಗೆ ಹೆಚ್ಚು. ಹಿಂದೆ ಅಂಥ ಫೋಟೊ ಒಂದು ದಿನ ಜಿಲ್ಲಾ ಪುಟದಲ್ಲಿ ಬಂದು ಮರೆಯಾಗುತ್ತಿತ್ತು. ಈಗ ಮನೆ ಕಳೆದುಕೊಂಡ ತಾಯಿಯ ಮುಖ ಅವಳ ಮಕ್ಕಳು ದೊಡ್ಡವರಾದ ಮೇಲೂ ಹುಡುಕಿದರೆ ಸಿಗುತ್ತದೆ. ಲಾರಿಯ ಫೋಟೊ ತೆಗೆಯಿರಿ, ಏನೇನು ಕೊಟ್ಟಿರಿ ಎಂಬ ಪಟ್ಟಿ ಹಾಕಿ ಎನ್ನುತ್ತೇನೆ. ಒಪ್ಪದಿದ್ದರೆ ಆ ಕೆಲಸ ನನಗೆ ಬೇಡ.

ಕಾಫಿ ಹೂವಿನ ಕಾಲದಲ್ಲಿ ರೀಲ್ಸ್ ಮಾಡಲು ಬರುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಚಿತ ವಾಸ್ತವ್ಯ ಕೊಟ್ಟಿದ್ದರೆ ಅದು ಜಾಹೀರಾತೆಂದು ಅವರು ತಿಳಿಸಲೇಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಹಾಗೆ ಮಾರ್ಗಸೂಚಿ ತಂದಿದೆ. ನಾನು ಅದನ್ನು ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳುತ್ತೇನೆ.

ಇಷ್ಟಾದರೂ ಗಾಳಿಮಳೆಗೆ ಕಂಬ ಉರುಳಿ ಕರೆಂಟ್ ಹೋದರೆ ಒಳಗಿನ ಊರುಗಳಲ್ಲಿ ಮೊಬೈಲ್ ದಿನಗಟ್ಟಲೆ ಸತ್ತಿರುತ್ತದೆ. ಆಗ ಆಕಾಶವಾಣಿ ಮಡಿಕೇರಿ, ಪಡಿತರ ಅಂಗಡಿಯ ಗೋಡೆ, ಜೀಪು ಓಡಿಸುವವರು ಬೇಕು. ಸಹಕಾರ ಸಂಘದ ಸೂಚನೆಯನ್ನು ಈಗಲೂ ದಪ್ಪ ಅಕ್ಷರದಲ್ಲಿ ಮುದ್ರಿಸಿ ಜೀಪಿನವರ ಕೈಗೆ ಕೊಡುತ್ತೇನೆ. ಅದರಲ್ಲೂ ಗಂಟೆ ಇರುತ್ತದೆ.

ಪ್ರತಿ ವರ್ಷ ಮೇ ತಿಂಗಳಲ್ಲಿ ಊರೂರಿಗೆ ಹೋಗಿ, ಮಳೆಗಾಲದಲ್ಲಿ ಸ್ಲೇಟು ಹಿಡಿದು ರಸ್ತೆಗೆ ಬರುವವರು ಯಾರು, ಅವರಿಲ್ಲದಾಗ ಯಾರು ಎಂದು ಪಟ್ಟಿ ಮಾಡುತ್ತೇನೆ. ಭಾಗಮಂಡಲ, ಕುಟ್ಟ, ಮಾದಾಪುರ ಆಗಿದೆ. ಗಾಳಿಬೀಡು ಕಡೆಗೆ ಇನ್ನೂ ಒಬ್ಬರು ಬೇಕು. ಮಳೆ ಹಿಡಿಯುವ ಮೊದಲು ಹೋಗಿ ಕೇಳಬೇಕು.