ಮಳೆಗಾಲದ ರಾತ್ರಿ ಮಗು ಕಿವಿ ಹಿಡಿದು ಅತ್ತರೆ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಬಟ್ಟೆಯೂ ಒಣಗಲ್ಲ, ಮಕ್ಕಳ ಮೂಗೂ ಒಣಗಲ್ಲ. ಶೀತ ಶುರುವಾಗಿ ಮೂರ್ನಾಲ್ಕು ದಿನಕ್ಕೆ, ಹಗಲೆಲ್ಲ ಆಡಿಕೊಂಡಿದ್ದ ಮಗು ರಾತ್ರಿ ಮಲಗಿಸಿದ ತಕ್ಷಣ ಕಿರುಚಿಕೊಂಡು ಎದ್ದರೆ ಕಿವಿಯ ಮೇಲೇ ಅನುಮಾನ ಪಡಿ. ಮೂಗಿನ ಹಿಂಭಾಗದಿಂದ ಕಿವಿಯ ಒಳಗೆ ಹೋಗುವ ಕೊಳವೆ ಮಕ್ಕಳಲ್ಲಿ ಗಿಡ್ಡ, ಅಡ್ಡಡ್ಡ ಬೇರೆ. ಶೀತಕ್ಕೆ ಅದು ಕಟ್ಟಿಕೊಂಡರೆ ಕಿವಿ ತಮಟೆಯ ಹಿಂದೆ ನೀರು ನಿಂತು ಕೀವಾಗುತ್ತದೆ.

ಮೊದಲು ಜ್ವರ ನೋಡಿ. ಹಾಲು ಕುಡಿಯುತ್ತಿದೆಯಾ, ದಿಂಬಿನ ಮೇಲೆ ಕಿವಿ ಸೋರಿದ ಕಲೆ ಇದೆಯಾ ನೋಡಿ. ಕಿವಿ ಎಳೆದುಕೊಳ್ಳುವುದೊಂದನ್ನೇ ನಂಬಬೇಡಿ, ನಿದ್ದೆ ಬಂದರೂ ಎಳೆದುಕೊಳ್ಳುತ್ತವೆ.

ಕಿವಿಗೆ ಎಣ್ಣೆ ಬಿಡಬೇಡಿ. ಬೆಳ್ಳುಳ್ಳಿ ಕಾಸಿದ್ದೂ ಬೇಡ, ಎದೆಹಾಲೂ ಬೇಡ. ನಾವೂ ಒಮ್ಮೆ ಬಿಟ್ಟು, ಬೆಳಿಗ್ಗೆ ಡಾಕ್ಟರಿಗೆ ತಮಟೆಯೇ ಕಾಣದೆ ಬೈಸಿಕೊಂಡಿದ್ದೇವೆ.

ರಾತ್ರಿ ಕಳೆಯಲು ಪ್ಯಾರಾಸಿಟಮಾಲ್ ಸಿರಪ್ ಸಾಕು. ಕೆ.ಜಿ.ಗೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ. ಎಡವಟ್ಟಾಗುವುದು ಬಾಟಲಿಯಲ್ಲಿ! 10 ಕೆ.ಜಿ. ಮಗುವಿಗೆ 150 ಮಿ.ಗ್ರಾಂ ಬೇಕು ಅಂದುಕೊಳ್ಳಿ, 5 ಮಿ.ಲೀ.ಗೆ 125 ಇರುವ ಸಿರಪ್ಪಾದರೆ 6 ಮಿ.ಲೀ., 250 ಇರುವುದಾದರೆ ಬರೀ 3 ಮಿ.ಲೀ. ಚಮಚ ಬಿಟ್ಟು ಸಿರಿಂಜಲ್ಲಿ ಅಳೆಯಿರಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ.

ಡಾಕ್ಟರು ಕಿವಿಯೊಳಗೆ ನೋಡುವ ಓಟೋಸ್ಕೋಪಿನಲ್ಲಿ ಮುಖ್ಯವಾಗಿ ನೋಡುವುದು ತಮಟೆ ಉಬ್ಬಿದೆಯಾ ಅಂತ. ಅತ್ತರೂ ತಮಟೆ ಕೆಂಪಾಗುತ್ತದೆ ಅಲ್ವಾ, ಹಾಗಾಗಿ ಬಣ್ಣ ಒಂದೇ ಸಾಲದು. ಆರು ತಿಂಗಳೊಳಗಿನವರಿಗೆ ಆಂಟಿಬಯಾಟಿಕ್ ಬೇಕೇ ಬೇಕು. ಎರಡು ವರ್ಷ ದಾಟಿ, ನೋವು ಜ್ವರ ಕಡಿಮೆ ಇದ್ದರೆ, ಎರಡು ಮೂರು ದಿನ ಕಾದು ನೋಡೋಣ ಅನ್ನಬಹುದು. ಔಷಧಿ ಕೊಡಲಿಲ್ಲ ಅಂತ ಕೋಪ ಬೇಡ. ಕೊಟ್ಟರೆ ಮಾತ್ರ ಹೇಳಿದಷ್ಟು ದಿನ ಪೂರ್ತಿ ಹಾಕಿ.

ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಬಂದ ಹಾಗಿದ್ದರೆ, ಮುಖ ಸೊಟ್ಟಗಾದರೆ, ಕುತ್ತಿಗೆ ಬಿಗಿದರೆ, ಮಗು ಮಂಪರಾದರೆ ಎಷ್ಟೇ ಮಳೆಯಿರಲಿ, ಬೆಳಗಾಗಲಿ ಅಂತ ಕಾಯದೆ ಮಡಿಕೇರಿಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ.

ಪದೇ ಪದೇ ಬರುತ್ತಿದ್ದರೆ ಮಲಗಿಸಿ ಬಾಟಲಿ ಹಾಲು ಕೊಡುವುದು ನಿಲ್ಲಿಸಿ. ಸೌದೆ ಒಲೆ, ಬೀಡಿ ಹೊಗೆಯಿಂದ ದೂರ ಇಡಿ. ಆರು ವಾರ, 14 ವಾರ, ಒಂಬತ್ತು ತಿಂಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಪಿಸಿವಿ (ನ್ಯುಮೋಕಾಕಸ್ ಬ್ಯಾಕ್ಟೀರಿಯಾ ತಡೆಯುವ) ಲಸಿಕೆ ತಪ್ಪಿಸಬೇಡಿ.

ನೋವು ಹೋದ ಮೇಲೂ ಒಳಗಿನ ನೀರು ವಾರಗಟ್ಟಲೆ ಉಳಿಯುತ್ತದೆ, ಆಗ ಕೂಗಿದ್ದು ಸರಿಯಾಗಿ ಕೇಳಿಸಲ್ಲ. ಹಟ ಅಂತ ಬೈಯಬೇಡಿ. ಮೂರು ತಿಂಗಳಾದರೂ ಹಾಗೇ ಇದ್ದರೆ ಕಿವಿ ಕೇಳಿಸುವ ಪರೀಕ್ಷೆ ಮಾಡಿಸಿ.